ಗುಟ್ಟು ತಿಳಿಯದ ಕಾವಲುಗಾರ

ಹೆಸರು ಬರೆಯಿರಿ, ಗುಪ್ತಪದ ಒತ್ತಿರಿ, ಒಳಗೆ ಬನ್ನಿ. ಅಂತರ್ಜಾಲದ ತಾಣಗಳ ಬಾಗಿಲಲ್ಲಿ ಎದುರಾಗುವುದು ಇವೇ ಎರಡು ಖಾನೆಗಳು. ಅವುಗಳ ಹಿಂದೆ ಕಾವಲು ಕೂತಿರುವುದು ಅನೇಕ ಕಡೆ ಪಿಎಚ್‌ಪಿ ಭಾಷೆಯ ಒಂದು ಪುಟ್ಟ ಪ್ರೋಗ್ರಾಂ. ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟಕ್ಕೆಂದು ಹೆಣೆದು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಈ ಭಾಷೆಯನ್ನು ಕಲಿಯಹೊರಟವರ ಮೊದಮೊದಲ ಪಾಠಗಳಲ್ಲಿ 'ಲಾಗಿನ್' ಕೂಡ ಒಂದು. ಹತ್ತಿಪ್ಪತ್ತು ಸಾಲಿನ ಕೆಲಸ, ಎಡವುವುದೂ ಅಷ್ಟರಲ್ಲೇ.

ಅಮೆರಿಕದ ರಾಕ್‌ಯೂ ಕಂಪನಿಯ ಕಥೆ ನೋಡಿ. 2009ರ ಡಿಸೆಂಬರಿನಲ್ಲಿ ಅದರ ದತ್ತಸಂಚಯಕ್ಕೆ ಕನ್ನ ಬಿತ್ತು. ಸುಮಾರು 3.2 ಕೋಟಿ ಗುಪ್ತಪದಗಳು ಸೋರಿಹೋದವು. ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಂತೆ ಅವೆಲ್ಲ ಇದ್ದದ್ದು ಇದ್ದ ಹಾಗೇ ಬರೆದಿಟ್ಟಿದ್ದವು. ತೆರೆದು ನೋಡಿದರೆ ಅತಿ ಹೆಚ್ಚು ಮಂದಿ ನೆಚ್ಚಿಕೊಂಡಿದ್ದ ಗುಟ್ಟು 123456!

ಕಳ್ಳ ನುಗ್ಗಿದ್ದು ಪ್ರಶ್ನೆಯ ಸಂದಿಯಿಂದ. 'ಈ ಹೆಸರು, ಈ ಗುಪ್ತಪದದವರು ಇದ್ದಾರೆಯೇ?' ಎಂದು ಪ್ರೋಗ್ರಾಂ ದತ್ತಸಂಚಯವನ್ನು ಕೇಳುತ್ತದೆ. ಬಂದವರು ಬರೆದದ್ದನ್ನು ಹಾಗೇ ಆ ಪ್ರಶ್ನೆಗೆ ಅಂಟಿಸಿದರೆ ಗ್ರಹಚಾರ ತಪ್ಪಿದ್ದಲ್ಲ. ಹೆಸರಿನ ಜಾಗದಲ್ಲಿ ಕಿಲಾಡಿಯೊಬ್ಬ ಒಂದು ಉದ್ಧರಣ ಚಿಹ್ನೆ ಹಾಕಿ, 'ಅಥವಾ 1 ಸಮ 1' ಎಂಬರ್ಥದ ಆದೇಶ ಬರೆದು, ಮುಂದಿನದನ್ನು ಓದಬೇಡ ಎನ್ನುವ ಎರಡು ಅಡ್ಡಗೀಟು ಎಳೆಯುತ್ತಾನೆ. ಒಂದು ಒಂದಕ್ಕೆ ಯಾವಾಗಲೂ ಸಮವೇ ತಾನೆ? ಕದ ತೆರೆಯಿತು. ಇದಕ್ಕೆ ಮದ್ದು ಸುಲಭ: ಖಾಲಿ ಜಾಗ ಬಿಟ್ಟ ಪ್ರಶ್ನೆಯನ್ನು ಮೊದಲು ಕಳಿಸಿ, ಬಂದವರ ಬರಹವನ್ನು ಆಮೇಲೆ ಬೇರೆಯಾಗಿ ಕೊಡುವುದು. ಪಿಎಚ್‌ಪಿಯ ಪಿಡಿಓ ಈ ಅನುಕೂಲ ಒದಗಿಸುತ್ತದೆ.

ಇನ್ನು ಗುಪ್ತಪದ. ಕಾವಲುಗಾರನಿಗೇ ಅದು ತಿಳಿಯಬೇಕಾಗಿಲ್ಲ! ರಾಗಿ ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ರಾಗಿ ಮಾಡಲಾಗದು. ಹಾಗೆ ಬೀಸಿದ 'ಹ್ಯಾಶ್' ಮಾತ್ರ ಉಳಿಸಿಟ್ಟರೆ ಸಾಕು. ಬೀಸುವಾಗ ಚಿಟಿಕೆ 'ಉಪ್ಪು', ಅಂದರೆ ಯದ್ವಾತದ್ವಾ ಅಕ್ಷರಗಳನ್ನು ಬೆರೆಸುವ ಉಪಾಯವನ್ನು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ವಿವರಿಸಿದ್ದರು. ಇಬ್ಬರ ಗುಪ್ತಪದ ಒಂದೇ ಆದರೂ ಹಿಟ್ಟು ಬೇರೆ ಬೇರೆ.

2013ರ ಪಿಎಚ್‌ಪಿ 5.5 ಆವೃತ್ತಿಯಿಂದ ಈಚೆಗೆ 'ಪಾಸ್‌ವರ್ಡ್ ಹ್ಯಾಶ್' ಎಂಬ ಆದೇಶವೇ ಉಪ್ಪು ಬೆರೆಸಿ, ಬೇಕೆಂದೇ ನಿಧಾನವಾಗಿ ಬೀಸಿಕೊಡುತ್ತದೆ. ಸಾಚಾ ಬಳಕೆದಾರನಿಗೆ ಕಣ್ಣೆವೆ ಇಕ್ಕುವಷ್ಟು ಹೊತ್ತು. ಕೋಟಿಗಟ್ಟಲೆ ಊಹೆಗಳನ್ನು ಬೀಸಿ ನೋಡುವ ಕಳ್ಳನಿಗೆ ವರ್ಷಗಳ ಕಾಟ. (123456 ಎಂದಿಟ್ಟವರನ್ನು ಮಾತ್ರ ಯಾವ ಬೀಸುಕಲ್ಲೂ ಕಾಯಲಾರದು.) ಬಿಕ್ರಿಪ್ಟ್ ವಿಧಾನದ ಹಿಟ್ಟಿಗೆ 60 ಅಕ್ಷರಗಳ ಜಾಗ ಬೇಕು. ಕೋಷ್ಟಕದಲ್ಲಿ ಐವತ್ತೇ ಬಿಟ್ಟು, ಸರಿಯಾದ ಗುಪ್ತಪದವೂ ಹೊಂದದೆ ತಲೆ ಕೆರೆದುಕೊಳ್ಳುವ ಹೊಸಬರು ಉಂಟು. 255 ಬಿಡುವುದು ಕ್ಷೇಮ.

ಒಳಬಂದವರಿಗೆ ಕೂಡಲೇ ಹೊಸ ಸೆಷನ್ ಚೀಟಿ ಕೊಡಬೇಕು. ಹೊರಗುಳಿದವರಿಗೆ 'ಆ ಹೆಸರಿನವರಿಲ್ಲ' ಎಂದು ಬಾಯಿಬಿಡದೆ, 'ಹೆಸರು ಅಥವಾ ಗುಪ್ತಪದ ತಪ್ಪು' ಎಂದಷ್ಟೇ ಹೇಳಿ ಕಳಿಸಬೇಕು.