ಹಾಲಿನ ಪರೀಕ್ಷೆಯಲ್ಲಿ ಎರಡು ನೀಲಿ

ಸಂತೇಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಡೇರಿಗೆ ಹಾಕುವ ಹಾಲು ಶಿಮುಲ್‌ಗೆ, ಅಂದರೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟಕ್ಕೆ ಸೇರುತ್ತದೆ. ಡೇರಿಯಲ್ಲಿ ಫ್ಯಾಟ್ ನೋಡುವುದನ್ನೂ ಲ್ಯಾಕ್ಟೋಮೀಟರ್ ಇಳಿಬಿಡುವುದನ್ನೂ ಹಾಲು ಹಾಕುವವರೆಲ್ಲ ಕಂಡಿದ್ದಾರೆ. ಲ್ಯಾಕ್ಟೋಮೀಟರ್‌ಗೆ ತಿಳಿಯುವುದು ಹಾಲಿನ ಸಾಂದ್ರತೆ ಮಾತ್ರ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಅದಕ್ಕೆ ಗ್ಲೂಕೋಸ್ ಕದಡಿದರೆ ಮತ್ತೆ ಏರುತ್ತದೆ. ಎಲ್ಲೇ ಆಗಲಿ, ಹಾಲಿನಲ್ಲಿ ಮೋಸ ಮಾಡುವವರಿಗೆ ಗ್ಲೂಕೋಸ್ ಬೇಕಾಗುವುದು ಇದಕ್ಕೇ. ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಉದ್ದೇಶ ಬೇರೆ. ಅದು ಬ್ಯಾಕ್ಟೀರಿಯಾಗಳನ್ನು ಕೊಂದು, ಕೆಡಲು ಹೊರಟ ಹಾಲನ್ನು ಒಂದಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ.

ಪೆರಾಕ್ಸೈಡ್ ಹಿಡಿಯುವುದು ಸುಲಭ. ಪ್ರನಾಳದಲ್ಲಿ 1 ಮಿ.ಲೀ. ಹಾಲು, ಅಷ್ಟೇ ಪ್ರಮಾಣದ ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟದ ದ್ರಾವಣ ಹಾಕಿ ಕಲಕಬೇಕು. ಪೆರಾಕ್ಸೈಡ್ ಇದ್ದರೆ ಅದು ಅಯೊಡೈಡಿನಿಂದ ಎಲೆಕ್ಟ್ರಾನ್ ಕಸಿದು ಅಯೋಡಿನ್ ಬಿಡಿಸುತ್ತದೆ. ಸುರುಳಿ ಸುತ್ತಿಕೊಂಡ ಪಿಷ್ಟದ ಸರಪಳಿಯೊಳಗೆ ಆ ಅಯೋಡಿನ್ ಸೇರಿದ ತಕ್ಷಣ ಹಾಲು ನೀಲಿಯಾಗುತ್ತದೆ. ಆದರೆ ತಡ ಮಾಡುವಂತಿಲ್ಲ. ಹಸಿ ಹಾಲಿನಲ್ಲೂ ಅದರ ಬ್ಯಾಕ್ಟೀರಿಯಾಗಳಲ್ಲೂ ಕ್ಯಾಟಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುತ್ತಾ ಹೋಗುವುದರಿಂದ ಸಾಕ್ಷಿ ತಾನಾಗಿಯೇ ಅಳಿಸಿಹೋಗುತ್ತದೆ. ಹಾಲು ಬಂದ ಹೊತ್ತಿಗೇ ನೋಡಬೇಕು.

ಗ್ಲೂಕೋಸ್ ಹಿಡಿಯುವುದು ಅಷ್ಟು ಸಲೀಸಲ್ಲ, ಏಕೆಂದರೆ ಹಾಲಿನಲ್ಲೇ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಸುವ ಬೆನೆಡಿಕ್ಟ್ ದ್ರಾವಣ ಲ್ಯಾಕ್ಟೋಸ್ ಕಂಡರೂ ಕೆಂಪಾಗುವುದರಿಂದ ಇಲ್ಲಿ ಅದು ಕೆಲಸಕ್ಕೆ ಬಾರದು. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಬಾರ್ಫೋಡ್ ರೂಪಿಸಿದ, ಆಮ್ಲ ಬೆರೆತ ತಾಮ್ರದ ಅಸಿಟೇಟ್ ದ್ರಾವಣಕ್ಕೆ ಈ ಭೇದ ಗೊತ್ತಾಗುತ್ತದೆ. ಗ್ಲೂಕೋಸಿನಂಥ ಒಂಟಿ ಸಕ್ಕರೆ ಅದರಲ್ಲಿ ಬೇಗ ವರ್ತಿಸುತ್ತದೆ, ಲ್ಯಾಕ್ಟೋಸಿನಂಥ ಜೋಡಿ ಸಕ್ಕರೆ ನಿಧಾನಿಸುತ್ತದೆ. ಹಾಲನ್ನು ಈ ದ್ರಾವಣದೊಂದಿಗೆ ಕುದಿಯುವ ನೀರಿನಲ್ಲಿ 3 ನಿಮಿಷ ಇಟ್ಟು, ಬೇಗನೆ ತಣಿಸಿ, ಫಾಸ್ಫೋಮಾಲಿಬ್ಡಿಕ್ ಆಮ್ಲ ಹಾಕುತ್ತಾರೆ. ಗಾಢ ನೀಲಿ ಬಂದರೆ ಗ್ಲೂಕೋಸ್ ಬೆರೆತಿದೆ. ಶುದ್ಧ ಹಾಲಿನಲ್ಲೂ ತಾಮ್ರದ ದ್ರಾವಣದ್ದೇ ತಿಳಿ ನೀಲಿ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬಾರದು. ಹೆಚ್ಚು ಹೊತ್ತು ಕುದಿಸಿದರೆ ಲ್ಯಾಕ್ಟೋಸೂ ವರ್ತಿಸತೊಡಗುತ್ತದೆ. ಹಾಗಾಗಿ ಇಲ್ಲಿ ಗಡಿಯಾರ ಕೂಡ ಒಂದು ಉಪಕರಣವೇ.

ಇದಕ್ಕಿಂತ ಚುರುಕಿನದು ಮೂತ್ರದ ಸಕ್ಕರೆ ನೋಡಲು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಟ್ರಿಪ್. ಹಾಲಿಗೂ ಅದನ್ನು ಅದ್ದಿ ನೋಡುತ್ತಾರೆ. ಅದರ ತುದಿಯಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ಡೆನ್ಮಾರ್ಕಿನವರೇ ಆದ ಮುಲ್ಲರ್ 1928ರಲ್ಲಿ ಒಂದು ಬೂಷ್ಟಿನಲ್ಲಿ ಕಂಡುಹಿಡಿದರು. ಲ್ಯಾಕ್ಟೋಸನ್ನು ಮುಟ್ಟದ ಈ ಕಿಣ್ವ ಗ್ಲೂಕೋಸನ್ನು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸುವಂತೆ ಮಾಡಿ ಗ್ಲೂಕೋನಿಕ್ ಆಮ್ಲವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಹುಟ್ಟಿಸುತ್ತದೆ. ಜೊತೆಗಿರುವ ಪೆರಾಕ್ಸಿಡೇಸ್ ಎಂಬ ಎರಡನೆಯ ಕಿಣ್ವ ಆ ಪೆರಾಕ್ಸೈಡ್ ಬಳಸಿ ಬಣ್ಣ ಬರಿಸುತ್ತದೆ. ಲ್ಯಾಬ್‌ನ ಶುಗರ್ ರಿಪೋರ್ಟಿನಲ್ಲಿ ‘ಜಿಒಡಿ–ಪಿಒಡಿ’ ಎಂದು ಅಚ್ಚಾಗಿರುವುದು ಇದೇ ಜೋಡಿಯ ಹೆಸರು. ಅಂದರೆ ಸ್ಟ್ರಿಪ್ಪಿನ ಬಣ್ಣ ನೇರವಾಗಿ ಗ್ಲೂಕೋಸಿನದಲ್ಲ, ಅದರಿಂದ ಹುಟ್ಟಿದ ಪೆರಾಕ್ಸೈಡಿನದು. ಈ ಉಪಾಯ ನನಗೆ ಬಹಳ ಇಷ್ಟ. ಗ್ಲೂಕೋಸಿಗಿಂತ ಪೆರಾಕ್ಸೈಡಿಗೆ ಬಣ್ಣ ಬರಿಸುವುದು ಎಷ್ಟೋ ಹಗುರ.

ತೊಡಕೂ ಅಲ್ಲೇ ಇದೆ. ಯಾರೋ ಮೊದಲೇ ಪೆರಾಕ್ಸೈಡ್ ಸುರಿದ ಹಾಲಿಗೆ ಸ್ಟ್ರಿಪ್ ಅದ್ದಿದರೆ, ಗ್ಲೂಕೋಸ್ ಒಂದು ಕಣವೂ ಇಲ್ಲದಿದ್ದರೂ ಬಣ್ಣ ಬರಬಹುದು. ಪರೀಕ್ಷೆಗಳಿಗೆ ಸರದಿ ಬೇಕಾಗುವುದು ಇದರಿಂದಲೇ: ಮೊದಲು ಅಯೊಡೈಡ್, ಆಮೇಲೆ ಸ್ಟ್ರಿಪ್. ಅಯೊಡೈಡ್ ಪರೀಕ್ಷೆಯಲ್ಲೇ ನೀಲಿ ಬಂದರೆ ಆ ಕ್ಯಾನು ಹೇಗೂ ವಾಪಸ್ಸು. ಆದರೂ ಹಾಲು ತಂದವರ ಹೆಸರಿನ ಮುಂದೆ ಪೆರಾಕ್ಸೈಡ್ ಎಂದಷ್ಟೇ ಬರೆಯಬೇಕು, ಸ್ಟ್ರಿಪ್ಪನ್ನು ನಂಬಿ ಮಾಡದ ಇನ್ನೊಂದು ತಪ್ಪನ್ನೂ ಅವರ ತಲೆಗೆ ಕಟ್ಟಬಾರದು.