ಏಳದೆ ಹೋದ 52 ಅಂತಸ್ತು

ಅಡಿಕೆಗೋ ಕಾಫಿಗೋ ಒಂದೆರಡು ವರ್ಷ ಒಳ್ಳೆಯ ಧಾರಣೆ ಸಿಕ್ಕಿತೆಂದರೆ ನಮ್ಮ ಸದಸ್ಯರಲ್ಲಿ ಹಲವರು ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಮಕ್ಕಳಿಗೊಂದು ಫ್ಲಾಟು ನೋಡತೊಡಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಾಯವನ್ನೂ ತೋಡಿರದ ಕಟ್ಟಡಕ್ಕೆ ಮುಂಗಡ ಕಟ್ಟಿದರೆ ಆ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಕಡಿಮೆ. ಆದ್ದರಿಂದ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಪ್ರಕರಣವೊಂದನ್ನು ಇಲ್ಲಿ ಕೊಡುತ್ತಿದ್ದೇವೆ.

2005ರ ಆರಂಭದಲ್ಲಿ ಆ ಊರಿನ ಹಿಲ್ಸ್‌ಬರೋ ನದಿಯ ದಂಡೆಯಲ್ಲಿ 52 ಅಂತಸ್ತಿನ, 190 ಮನೆಗಳ ವೈಭವದ ಗೋಪುರವೊಂದು ಏಳಲಿದೆಯೆಂದು ಪ್ರಕಟವಾಯಿತು. ಹೆಸರು ಟ್ರಂಪ್ ಟವರ್ ಟ್ಯಾಂಪಾ. ಫ್ಲಾರಿಡಾದಲ್ಲಿ ಆಗ ಮನೆಗಳ ಬೆಲೆ ಏರುತ್ತಲೇ ಇತ್ತು. ಕೊಳ್ಳುವವರು ಬೆಲೆಯ ಶೇಕಡ 20ರಷ್ಟು ಮುಂಗಡ ಕಟ್ಟಿದರು.

ಕಟ್ಟಲು ಹೊರಟವರು ಮಾತ್ರ ಸಿಮ್‌ಡಾಗ್ ಎಂಬ ಸ್ಥಳೀಯ ಕಂಪೆನಿಯವರು. ಮುಂದೆ 2017ರಲ್ಲಿ ಅಮೆರಿಕದ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪ್ ತಮ್ಮ ಹೆಸರನ್ನಷ್ಟೇ ಕೊಟ್ಟಿದ್ದರು. ಅದಕ್ಕೆ ಗೊತ್ತಾದ ಶುಲ್ಕ 40 ಲಕ್ಷ ಡಾಲರು. ಹೀಗೆ ಹೆಸರು ಕೊಟ್ಟ ಒಪ್ಪಂದವನ್ನು ಗುಟ್ಟಾಗಿಡತಕ್ಕದ್ದೆಂಬ ಷರತ್ತೂ ಇತ್ತು. ತಮಗೆ ಅದರಲ್ಲಿ ಗಣನೀಯ ಪಾಲಿದೆಯೆಂದು ಅವರು ಪತ್ರಿಕೆಯವರಿಗೆ ಹೇಳಿದ್ದರು. ಒಬ್ಬರ ಮಾರ್ಕಿನ ಚೀಲದಲ್ಲಿ ಇನ್ನೊಬ್ಬರ ಅಡಿಕೆ ತುಂಬಿದರೆ ಮಂಡಿಯಲ್ಲಿ ಏನಾಗುತ್ತದೆಂದು ನಮಗೆ ಗೊತ್ತು!

2006ರಲ್ಲಿ ಗುದ್ದಲಿಪೂಜೆಯಂಥದೊಂದು ಸಮಾರಂಭ ನಡೆಯಿತು. ಆ ಸೀಮೆಯ ನೆಲದಡಿ ಸುಣ್ಣಕಲ್ಲು. ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಹೇಳಬರುವುದಿಲ್ಲ. ಅಡಿಪಾಯ ಇನ್ನೂ ಆಳಕ್ಕೆ ಹೋಗಬೇಕಾಯಿತು, ಖರ್ಚಿನ ಅಂದಾಜು ಏರಿತು. ಅದೇ ಹೊತ್ತಿಗೆ ಮನೆಗಳ ಬೆಲೆ ಇಳಿಮುಖವಾಯಿತು, ಕಟ್ಟುವುದಕ್ಕೆ ಬೇಕಾದ ದೊಡ್ಡ ಸಾಲ ಹುಟ್ಟಲಿಲ್ಲ. 2007ರಲ್ಲಿ ಹೆಸರಿನ ಶುಲ್ಕ ಬಾಕಿಯಿದೆಯೆಂದು ಟ್ರಂಪರೇ ಕಂಪೆನಿಯ ಮೇಲೆ ದಾವೆ ಹೂಡಿದರು. 2008ರಲ್ಲಿ ಕಂಪೆನಿ ದಿವಾಳಿ ಅರ್ಜಿ ಹಾಕಿತು.

ಈಗ ಮುಂಗಡದ ಮಾತು. ಫ್ಲಾರಿಡಾದ ಕಾಯಿದೆಯಂತೆ ಬೆಲೆಯ ಶೇಕಡ 10ರವರೆಗಿನ ಮುಂಗಡವನ್ನು ಮೂರನೆಯವರ ಕೈಯಲ್ಲಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅದಕ್ಕೆ ಮೇಲ್ಪಟ್ಟ ಹಣವನ್ನು, ಕರಾರಿನಲ್ಲಿ ಬರೆದಿದ್ದರೆ, ಕಟ್ಟಡದ ಕೆಲಸಕ್ಕೆ ಬಳಸಬಹುದು. ಕರಾರಿನಲ್ಲಿ ಬರೆದಿತ್ತು. ಹೀಗಾಗಿ ಶೇಕಡ 20 ಕಟ್ಟಿದವರಿಗೆ ಅರ್ಧ ಹಿಂದೆ ಬಂತು, ಉಳಿದರ್ಧ ಕಟ್ಟದ ಕಟ್ಟಡದಲ್ಲಿ ಕರಗಿಹೋಯಿತು. ನಾವು ಚೇಣಿ ಮಾತಾಡುವಾಗ ಮರದ ಮೇಲೆ ಗೊನೆಯಾದರೂ ಕಣ್ಣಿಗೆ ಕಾಣುತ್ತದೆ. ಇವರಿಗೆ ಕಂಡದ್ದು ಬಣ್ಣದ ಚಿತ್ರ ಮಾತ್ರ. ಮೋಸಹೋದೆವೆಂದು ಹಲವರು 2009ರಲ್ಲಿ ಟ್ರಂಪರ ಮೇಲೆ ನ್ಯಾಯಾಲಯಕ್ಕೆ ಹೋದರು. ಅದು ಕೊನೆಗೆ ರಾಜಿಯಲ್ಲಿ ಮುಗಿಯಿತು.

ನಮ್ಮ ದೇಶದಲ್ಲಿ 2016ರ ರೇರಾ ಕಾಯಿದೆ ಈ ವಿಷಯದಲ್ಲಿ ಕೆಲವು ಕಟ್ಟುಪಾಡು ತಂದಿದೆ. ನೋಂದಾಯಿತ ಮಾರಾಟ ಕರಾರು ಆಗುವ ಮುನ್ನ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡ 70ನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಆ ಯೋಜನೆಯ ಜಾಗಕ್ಕೆ ಮತ್ತು ಕಟ್ಟಡಕ್ಕೆ ಮಾತ್ರ ಖರ್ಚು ಮಾಡಬೇಕು. ಕೆಲಸ ಎಷ್ಟು ಮುಗಿದಿದೆಯೆಂದು ಎಂಜಿನಿಯರು, ಆರ್ಕಿಟೆಕ್ಟು ಮತ್ತು ಚಾರ್ಟರ್ಡ್ ಅಕೌಂಟೆಂಟು ಮೂವರೂ ದೃಢಪಡಿಸಿದ ಮೇಲೆ ಅದಕ್ಕೆ ತಕ್ಕಷ್ಟೇ ತೆಗೆಯಬೇಕು. ಉಳಿದ ಶೇಕಡ 30ಕ್ಕೆ ಈ ಬೇಲಿಯಿಲ್ಲ ಎಂಬುದನ್ನೂ ಗಮನಿಸಿರಿ. 500 ಚದರ ಮೀಟರು ಮೀರದ ಜಾಗದ ಅಥವಾ 8 ಮನೆ ಮೀರದ ಚಿಕ್ಕ ಕಟ್ಟಡಗಳಿಗೆ ಈ ನೋಂದಣಿ ಕಡ್ಡಾಯವಲ್ಲ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಏಳುತ್ತಿರುವುದು ಹೆಚ್ಚಾಗಿ ಅಂಥವೇ.

ಫ್ಲಾಟು ನೋಡಲು ಹೋಗುವ ಸದಸ್ಯರು ಮೊದಲು ರೇರಾ ನೋಂದಣಿ ಸಂಖ್ಯೆ ಕೇಳಿ ಪಡೆಯಬೇಕು. ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಟ್ಟುವವರು ನಿಜವಾಗಿ ಯಾರು, ಕೆಲಸ ಯಾವಾಗ ಮುಗಿಸುವುದಾಗಿ ಬರೆದುಕೊಟ್ಟಿದ್ದಾರೆ ಎಂಬುದು ತಿಳಿಯುತ್ತದೆ. ಚೆಕ್ಕು ಬರೆಯುವಾಗ ಅದು ಆ ಯೋಜನೆಯ ಖಾತೆಯ ಹೆಸರಿಗೇ ಇದೆಯೇ ನೋಡಿರಿ. ಕರಾರಿನ ಪ್ರತಿಯನ್ನು ಸಹಿಗೆ ಮುಂಚೆ ಮನೆಗೆ ತಂದು, ಮಕ್ಕಳ ಎದುರಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿರಿ.