ವಿಶಲ್ ಜೊತೆಗೆ ಮಾತೂ ಕೇಳಿಸಲಿ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ಪ್ಲೇಆಫ್ ಪಂದ್ಯದ ಮಾತು ಬಂದರೆ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು ಇಂದಿಗೂ ಜಗಳಕ್ಕೆ ನಿಲ್ಲುತ್ತಾರೆ. ನಿಗದಿತ ಅವಧಿಯಲ್ಲಿ ಎರಡೂ ತಂಡಗಳಿಗೆ ಗೋಲು ಸಿಗದೆ ಆಟ ಹೆಚ್ಚುವರಿ ಅವಧಿಗೆ ಹೋಗಿತ್ತು. 96ನೇ ನಿಮಿಷದಲ್ಲಿ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ಇನ್ನೂ ತಮ್ಮವರನ್ನು ಗೋಡೆಯಂತೆ ನಿಲ್ಲಿಸುತ್ತಿರುವಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಗೋಲಿನೊಳಗೆ ಕಳಿಸಿಬಿಟ್ಟರು. ರೆಫರಿ ಅದನ್ನು ಗೋಲೆಂದು ಎತ್ತಿಹಿಡಿದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡರು; ಕೇರಳ ಮತ್ತೆ ಆಟಕ್ಕೆ ಇಳಿಯಲಿಲ್ಲ. ಬೆಂಗಳೂರು 1–0ಯಿಂದ ಗೆದ್ದಿತು. ಮರುಪಂದ್ಯ ಬೇಕೆಂಬ ಕೇರಳದ ಬೇಡಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಳ್ಳಿಹಾಕಿತು, ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಈ ಪ್ರಕರಣದಲ್ಲಿ ನಿಯಮ ಕಷ್ಟದ್ದೇನಲ್ಲ. ಫ್ರೀ ಕಿಕ್ ಹೊಡೆಯಲು ಸಾಮಾನ್ಯವಾಗಿ ರೆಫರಿಯ ವಿಶಲ್ ಬೇಕಿಲ್ಲ. ಎದುರಾಳಿಗಳನ್ನು ಹತ್ತು ಗಜ ಹಿಂದೆ ಸರಿಸಲು ರೆಫರಿ ಮುಂದಾದರೆ, ಕಾರ್ಡ್ ತೋರಿಸಿದರೆ, ಗಾಯಾಳುವಿಗಾಗಿ ಆಟ ನಿಲ್ಲಿಸಿದರೆ ಮಾತ್ರ ವಿಶಲ್‌ಗೆ ಕಾಯಬೇಕು. ತನಗೆ ವಿಶಲ್ಲೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಚೆಟ್ರಿ ಪಂದ್ಯದ ಬಳಿಕ ಹೇಳಿದರು. ಅಷ್ಟು ಹೊತ್ತು ಕಳೆದ ಮೇಲೆ ವಿಶಲ್ ಇಲ್ಲದೆ ಹೊಡೆಯಲು ಬಿಟ್ಟದ್ದು ಹೇಗೆ ಎಂಬುದು ಕೇರಳದ ತಕರಾರು. ಅಂದರೆ ಇಡೀ ವ್ಯಾಜ್ಯ ನಿಂತಿರುವುದು ಆ ಕೆಲವು ಸೆಕೆಂಡುಗಳಲ್ಲಿ ರೆಫರಿ ಯಾರಿಗೆ ಏನು ಹೇಳಿದರು ಎಂಬುದರ ಮೇಲೆ. ದೃಶ್ಯವನ್ನು ಎಷ್ಟು ಸಲ ನಿಧಾನವಾಗಿ ಓಡಿಸಿದರೂ ಅದು ಕಾಣುವುದಿಲ್ಲ, ಏಕೆಂದರೆ ಅದು ಕೇಳಬೇಕಾದ ಸಂಗತಿ. ಆ ಮಾತು ಮೈದಾನದಲ್ಲಿದ್ದವರಿಗೂ ಟಿವಿ ಮುಂದೆ ಕುಳಿತವರಿಗೂ ಅಂದೇ ಕೇಳಿಸಿದ್ದರೆ ಕೇರಳದವರು ಸೋಲಿಗೆ ಸಂಕಟಪಡುತ್ತಿದ್ದರೇ ಹೊರತು ಮೈದಾನ ಬಿಟ್ಟು ನಡೆಯಲು ಕಾರಣ ಇರುತ್ತಿರಲಿಲ್ಲ. ಇಲ್ಲವೇ, ರೆಫರಿಯ ಮಾತೇ ಗೊಂದಲದ್ದಾಗಿತ್ತು ಎಂದು ಸಾಬೀತಾಗಿ ಅವರ ದೂರಿಗೆ ಬಲ ಬರುತ್ತಿತ್ತು. ಎರಡರಲ್ಲಿ ಯಾವುದಾದರೂ ಸರಿ, ಈಗಿನ ಕೊನೆಯಿಲ್ಲದ ಊಹಾಪೋಹಕ್ಕಿಂತ ಮೇಲು.

ವಿವಾದ ಎದ್ದಾಗಲೆಲ್ಲ ಮೊದಲು ಕೇಳಿಬರುವ ಬೇಡಿಕೆ ವಿಡಿಯೊ ಸಹಾಯಕ ರೆಫರಿಯದು, ಅಂದರೆ ವಿಎಆರ್. ಅದೇ ತಿಂಗಳು ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಶೂಟೌಟ್‌ನಲ್ಲಿ ಸೋತಾಗ ಬೆಂಗಳೂರು ತಂಡದ ಮಾಲೀಕರೇ ಐಎಸ್‌ಎಲ್‌ಗೆ ವಿಎಆರ್ ತರಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್, ಈ ನಾಲ್ಕು ಬಗೆಯ ಸಂದರ್ಭಗಳಲ್ಲಿ ವಿಎಆರ್ ನೆರವಾಗುತ್ತದೆ, ನಿಜ. ಆದರೆ ಕ್ಯಾಮೆರಾ ಬಂದೊಡನೆ ವಿವಾದ ತೀರುತ್ತದೆ ಎಂದು ನಂಬಿದವರು ಅದೇ ವರ್ಷದ ಸೆಪ್ಟೆಂಬರ್ 30ರಂದು ಲಂಡನ್‌ನಲ್ಲಿ ನಡೆದದ್ದನ್ನು ಗಮನಿಸಬೇಕು.

ಅಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ 34ನೇ ನಿಮಿಷದಲ್ಲಿ ಗೋಲು ಹೊಡೆದರು. ಸಹಾಯಕ ರೆಫರಿ ಆಫ್‌ಸೈಡ್ ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿದ್ದವರು ದೃಶ್ಯ ನೋಡಿದರು. ಡಿಯಾಸ್ ಆನ್‌ಸೈಡ್ ಇದ್ದದ್ದು ಅವರಿಗೆ ಸ್ಪಷ್ಟವಾಗಿ ಕಂಡಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ಭಾವಿಸಿದ್ದ ವಿಎಆರ್ ಅಧಿಕಾರಿ, ಪರಿಶೀಲನೆ ಮುಗಿಯಿತು ಎಂದಷ್ಟೇ ತಿಳಿಸಿದರು. ಬಾವುಟವೇ ಸರಿ ಎಂದುಕೊಂಡ ರೆಫರಿ ವಿಎಆರ್ ಕೋಣೆಯವರನ್ನು ಮೆಚ್ಚಿಕೊಂಡು ಆಟ ಮುಂದುವರಿಸಿದರು. ಕೆಲವೇ ಸೆಕೆಂಡುಗಳಲ್ಲಿ ರೀಪ್ಲೇ ತಂತ್ರಜ್ಞ ಎಡವಟ್ಟನ್ನು ಗುರುತಿಸಿ ಎಚ್ಚರಿಸಿದರೂ, ಆಟ ಮತ್ತೆ ಶುರುವಾದ ಮೇಲೆ ನಿಯಮದ ಪ್ರಕಾರ ಹಿಂದಕ್ಕೆ ಹೋಗುವಂತಿರಲಿಲ್ಲ. ಲಿವರ್‌ಪೂಲ್ 2–1ರಿಂದ ಸೋತಿತು. ಇದೆಲ್ಲ ಹೊರಗಿನವರಿಗೆ ತಿಳಿದದ್ದು ಮೂರು ದಿನಗಳ ನಂತರ, ರೆಫರಿಗಳ ಸಂಸ್ಥೆ ಧ್ವನಿಮುದ್ರಿಕೆ ಬಿಡುಗಡೆ ಮಾಡಿದಾಗ. ಚಿತ್ರ ಸರಿಯಿತ್ತು, ನಿರ್ಣಯವೂ ಸರಿಯಿತ್ತು, ಕೆಟ್ಟದ್ದು ಮಾತು. ಗೋಲು ಸರಿಯಾಗಿದೆ ಎಂಬ ಒಂದು ಪೂರ್ಣ ವಾಕ್ಯವನ್ನು ಕ್ರೀಡಾಂಗಣಕ್ಕೆಲ್ಲ ಕೇಳಿಸುವಂತೆ ಹೇಳುವ ಪದ್ಧತಿ ಇದ್ದಿದ್ದರೆ, ಚೆಂಡನ್ನು ಫ್ರೀ ಕಿಕ್‌ಗೆ ಇಡುವ ಮೊದಲೇ ಅಲ್ಲಿದ್ದ ಸಾವಿರಾರು ಜನರಲ್ಲಿ ಯಾರಾದರೂ ತಪ್ಪನ್ನು ಹಿಡಿಯುತ್ತಿದ್ದರು. ಬಹಿರಂಗವಾಗಿ ಆಡಬೇಕಾದ ಮಾತನ್ನು ಮನುಷ್ಯ ಎಚ್ಚರದಿಂದ ಆಡುತ್ತಾನೆ, ಆಡಿದ್ದು ತಪ್ಪಾದರೆ ತಿದ್ದುವವರೂ ಸಿಗುತ್ತಾರೆ.

ಇದು ಆಗದ ಕೆಲಸವೇನಲ್ಲ. 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ ನೋಡಿ ಬಂದ ರೆಫರಿಗಳು ಧ್ವನಿವರ್ಧಕದಲ್ಲಿ ತೀರ್ಪು ಮತ್ತು ಕಾರಣ ಎರಡನ್ನೂ ಹೇಳಿದರು. ಸಿಡ್ನಿಯ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ ಕೊಟ್ಟಾಗ ಅಮೆರಿಕದ ರೆಫರಿ ಟೋರಿ ಪೆನ್ಸೊ ಅದನ್ನು ಮೈಕ್‌ನಲ್ಲಿ ಘೋಷಿಸಿದರು. ವಿಶ್ವಕಪ್ ಫೈನಲ್‌ನ ಒತ್ತಡದಲ್ಲೂ ಅದಕ್ಕೆ ಕೆಲವು ಸೆಕೆಂಡು ಸಾಕಾಯಿತು. ಇಂಗ್ಲೆಂಡ್‌ನಲ್ಲಿ 2025ರ ಜನವರಿಯಲ್ಲಿ ಲೀಗ್ ಕಪ್ ಸೆಮಿಫೈನಲ್‌ನಿಂದ ಈ ಪ್ರಯೋಗ ಶುರುವಾಯಿತು. ನಮ್ಮ ಕ್ರಿಕೆಟ್ ವೀಕ್ಷಕರಿಗಂತೂ ಮೂರನೇ ಅಂಪೈರ್ ಒಂದೊಂದೇ ಹಂತ ದಾಟುತ್ತಾ ತಮ್ಮ ತರ್ಕವನ್ನು ಬಾಯಿಬಿಟ್ಟು ಹೇಳುವುದು ಎಷ್ಟು ರೂಢಿಯಾಗಿದೆಯೆಂದರೆ, ಆ ಧ್ವನಿ ಇಲ್ಲದ ಡಿಆರ್‌ಎಸ್ ಊಹಿಸುವುದೇ ಕಷ್ಟ. ತೀರ್ಪು ಒಪ್ಪದವರೂ ಅಂಪೈರ್ ಯಾವ ಹೆಜ್ಜೆಯಲ್ಲಿ ಎಡವಿದರು ಎಂದು ಬೆರಳಿಟ್ಟು ತೋರಿಸಬಲ್ಲರು.

ರೆಫರಿಯ ಮಾತು ಹೊರಗೆ ಬಂದರೆ ಅವರ ಮೇಲಿನ ದಾಳಿ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ನೋಡುವಂತಿಲ್ಲ. 1989ರಲ್ಲಿ ಮಿಲ್‌ವಾಲ್–ಆರ್ಸೆನಲ್ ಪಂದ್ಯದಲ್ಲಿ ಡೇವಿಡ್ ಎಲ್ಲೆರೆ ಒಂದು ಟಿವಿ ಕಾರ್ಯಕ್ರಮಕ್ಕಾಗಿ ಮೈಕ್ ಧರಿಸಿ ರೆಫರಿ ಕೆಲಸ ಮಾಡಿದ್ದರು. ಆರ್ಸೆನಲ್ ನಾಯಕ ಟೋನಿ ಆಡಮ್ಸ್ ಅವರನ್ನು ಮೋಸಗಾರ ಎಂದು ಕರೆದದ್ದು ಮನೆಮನೆಗೂ ಕೇಳಿಸಿತು. ನನಗೆ ಅದರಲ್ಲಿ ಕಾಣುವುದು ಬೇರೆಯೇ: ರೆಫರಿಗಳು ದಿನವೂ ನುಂಗಿಕೊಳ್ಳುವ ಬೈಗುಳ ಜನಕ್ಕೆ ಗೊತ್ತಾಯಿತು, ನಾಚಬೇಕಾದವರು ಆಟಗಾರರು. ಇನ್ನು, ಮೌನ ಯಾರನ್ನು ಕಾಪಾಡಿದೆ? ಸ್ವೀಡನ್‌ನ ರೆಫರಿ ಆಂಡರ್ಸ್ ಫ್ರಿಸ್ಕ್ ಅವರ ಬಳಿ ಮೈಕ್ ಇರಲಿಲ್ಲ. 2005ರಲ್ಲಿ ಬಾರ್ಸಿಲೋನಾ–ಚೆಲ್ಸಿ ಪಂದ್ಯದ ವಿರಾಮದಲ್ಲಿ ಎದುರಾಳಿ ಕೋಚ್ ಫ್ರಿಸ್ಕ್ ಅವರ ಕೊಠಡಿಗೆ ಹೋಗಿದ್ದರೆಂದು ಚೆಲ್ಸಿಯ ಜೋಸೆ ಮೌರಿನ್ಯೊ ಆರೋಪಿಸಿದರು. ಯುಇಎಫ್‌ಎ ಮೌರಿನ್ಯೊ ಅವರಿಗೆ ನಿಷೇಧ ಹಾಕಿತು. ಅಷ್ಟರಲ್ಲಿ ಫ್ರಿಸ್ಕ್ ಕುಟುಂಬಕ್ಕೆ ಕೊಲೆ ಬೆದರಿಕೆಗಳು ಬಂದು ಅವರು ನಿವೃತ್ತಿ ಘೋಷಿಸಿಯಾಗಿತ್ತು. ರೆಫರಿ ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಬೇರೆ ಯಾರದೋ ಕಥೆ ಸತ್ಯವಾಗಿಬಿಡುತ್ತದೆ.

ಕಾರಣ ಹೇಳಿದ ಮಾತ್ರಕ್ಕೆ ಸೋತವರು ಒಪ್ಪುತ್ತಾರೆಯೇ ಎಂದು ಕೇಳುವವರಿದ್ದಾರೆ. ಒಪ್ಪಬೇಕಿಲ್ಲ. ಚೆಂಡು ಗೆರೆ ದಾಟಿತೇ ಎಂಬ ಪ್ರಶ್ನೆಗೆ ಯಂತ್ರ ಉತ್ತರ ಕೊಡಬಲ್ಲದು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಸ್ಪಷ್ಟವಾಗಿ ಗೆರೆ ದಾಟಿದರೂ ಗೋಲು ಸಿಗದ ಎರಡು ವರ್ಷಗಳ ಮೇಲೆ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, ಅಲ್ಲಿಗೆ ಆ ಬಗೆಯ ಜಗಳ ಹೆಚ್ಚುಕಡಿಮೆ ಮುಗಿಯಿತು. ಕೈ ಸಹಜ ಸ್ಥಿತಿಯಲ್ಲಿತ್ತೇ, ತಳ್ಳಿದ್ದು ಬೀಳಿಸುವಷ್ಟು ಜೋರಾಗಿತ್ತೇ ಎಂಬಂಥವು ವಿವೇಚನೆಯ ಪ್ರಶ್ನೆಗಳು, ಅಲ್ಲಿ ಭಿನ್ನಾಭಿಪ್ರಾಯ ಇದ್ದೇ ಇರುತ್ತದೆ. ಆದರೆ ರೆಫರಿ ನಿಯಮವನ್ನು ತಪ್ಪಾಗಿ ಅನ್ವಯಿಸಿದರು ಎನ್ನುವುದಕ್ಕೂ ರೆಫರಿ ಮಾರಿಕೊಂಡರು ಎನ್ನುವುದಕ್ಕೂ ಅಜಗಜಾಂತರವಿದೆ. ಕಾರಣ ಕೇಳಿಸಿಕೊಂಡವನು ಮೊದಲನೆಯದನ್ನು ವಾದಿಸುತ್ತಾನೆ, ಕೇಳಿಸದವನಿಗೆ ಎರಡನೆಯದೇ ಹತ್ತಿರ. 2024ರ ಯೂರೊ ಕಪ್‌ನಲ್ಲಿ ನಾಯಕ ಮಾತ್ರ ರೆಫರಿಯ ಬಳಿ ಹೋಗಬಹುದು, ರೆಫರಿ ಅವನಿಗೆ ಕಾರಣ ವಿವರಿಸುತ್ತಾರೆ ಎಂಬ ಕ್ರಮ ತಂದದ್ದೂ ಇದೇ ತಿಳಿವಳಿಕೆಯಿಂದ.

ಭಾರತದಂಥ ಕಡೆ ಪೂರ್ತಿ ವಿಎಆರ್ ವ್ಯವಸ್ಥೆಗೆ ದೊಡ್ಡ ಮೊತ್ತ ಬೇಕು. ರೆಫರಿಯ ಮೈಕ್‌ನಿಂದ ಬರುವ ಮಾತನ್ನು ಮುದ್ರಿಸಿ, ವಿವಾದವಾದ ಪಂದ್ಯದ ಎರಡು ದಿನದೊಳಗೆ ಬಿಡುಗಡೆ ಮಾಡಲು ಅಷ್ಟೇನೂ ಖರ್ಚಿಲ್ಲ. ರೆಫರಿಗಳಿಗೆ ಮಾತಾಡುವ ತರಬೇತಿ ಕೊಡಬೇಕಾಗುತ್ತದೆ. ಗುವಾಹಟಿಯವರೊಬ್ಬರು ಕೊಚ್ಚಿಯಲ್ಲಿ ತೀರ್ಪು ಹೇಳುವಾಗ ಭಾಷೆಯ ಪ್ರಶ್ನೆಯೂ ಬರುತ್ತದೆ. ಅವರು ಇಂಗ್ಲಿಷ್‌ನಲ್ಲಿ ಒಂದೆರಡು ವಾಕ್ಯ ಹೇಳಲಿ, ಕ್ರೀಡಾಂಗಣದ ಉದ್ಘೋಷಕರು ಅದನ್ನೇ ಬೆಂಗಳೂರಿನಲ್ಲಿ ಕನ್ನಡದಲ್ಲೂ ಕೊಚ್ಚಿಯಲ್ಲಿ ಮಲಯಾಳದಲ್ಲೂ ತಿಳಿಸಲಿ. ಆಟಗಾರರ ಬದಲಾವಣೆಯನ್ನು ಈಗಲೂ ಉದ್ಘೋಷಕರೇ ಹೇಳುತ್ತಾರೆ. ಗೋಲು ಯಾಕೆ ರದ್ದಾಯಿತು ಎಂಬುದನ್ನೂ ಅದೇ ಮೈಕ್‌ನಲ್ಲಿ ಹೇಳಬಹುದು.